ಯಹೂದಿ ಫೆಡರೇಶನ್‌ನಲ್ಲಿ ಅಕೌಂಟ್ಸ್ ಕೆಲಸ: ಸೇರಲಾ, ಬಿಡಲಾ?

ಜರ್ಸಿ_ಜಾಣೆ · 2025 ಮೇ 27

ಎಲ್ಲರಿಗೂ ನಮಸ್ಕಾರ. ಐದಾರು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುವವಳು ನಾನು. ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಊರು ತುಮಕೂರು, ಈಗಿರುವುದು ಸೆಂಟ್ರಲ್ ಜರ್ಸಿ. ಎಂ.ಕಾಂ ಆಗಿದೆ. ಎಚ್4 ಇಎಡಿ (ಎಚ್1ಬಿ ವೀಸಾದವರ ಗಂಡ ಅಥವಾ ಹೆಂಡತಿಗೆ ಸಿಗುವ ಕೆಲಸದ ಅನುಮತಿ) ಮೇಲೆ ಏಳು ವರ್ಷ ಒಂದು ಟ್ರಾನ್ಸ್‌ಪೋರ್ಟ್ ಕಂಪನಿಯ ಲೆಕ್ಕ ನೋಡಿಕೊಂಡೆ. ಮಾರ್ಚ್‌ನಲ್ಲಿ ಅವರು ಆಫೀಸನ್ನೇ ಟೆಕ್ಸಾಸ್‌ಗೆ ಎತ್ತಿಕೊಂಡು ಹೋದರು, ನಾನು ಇಲ್ಲೇ ಉಳಿದೆ. ಈಗ ಒಂದು ಯಹೂದಿ ಫೆಡರೇಶನ್‌ನಿಂದ ಆಫರ್ ಬಂದಿದೆ. ದೇಣಿಗೆ ಲೆಕ್ಕ, ರಸೀದಿ, ತಿಂಗಳ ಕೊನೆಯ ತಾಳೆ, ಇಷ್ಟು ಕೆಲಸ. ಸಂಬಳ ಮೊದಲಿಗಿಂತ ಸುಮಾರು ಕಾಲು ಭಾಗ ಕಡಿಮೆ.

ಇಂಟರ್‌ವ್ಯೂ ಮಾಡಿದವರು ಒಳ್ಳೆಯವರು. ಆದರೆ ಒಳಗೆ ಹೋಗಲು ಎರಡು ಬಾಗಿಲು. ಮೊದಲನೆಯದು ಮುಚ್ಚಿದ ಮೇಲೇ ಎರಡನೆಯದು ತೆರೆಯುತ್ತದೆ. ನಡುವೆ ಸೊಂಟದಲ್ಲಿ ಗನ್ ಇಟ್ಟುಕೊಂಡ ಗಾರ್ಡ್. ಇದನ್ನು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ಕಳೆದ ವಾರ ವಾಷಿಂಗ್ಟನ್‌ನಲ್ಲಿ ಯಹೂದಿ ಮ್ಯೂಸಿಯಂ ಹೊರಗೆ ಇಬ್ಬರನ್ನು ಗುಂಡಿಟ್ಟು ಕೊಂದರಲ್ಲ, ನಮ್ಮತ್ತೆ ಅದನ್ನು ಟಿವಿಯಲ್ಲಿ ನೋಡಿದ್ದಾರೆ. "ದುಡ್ಡೂ ಕಮ್ಮಿ, ಜೀವಕ್ಕೂ ಭಯ, ಯಾಕಮ್ಮ ಬೇಕು?" ಅಂತ ದಿನಾ ಕೇಳುತ್ತಾರೆ.

ನನ್ನ ಅನುಮಾನವೇ ಬೇರೆ. ನಾನು ಯಹೂದಿ ಅಲ್ಲ, ಅವರ ಹಬ್ಬ ಹರಿದಿನ ಒಂದೂ ಗೊತ್ತಿಲ್ಲ. ಎಲ್ಲರೂ ಪ್ರಾರ್ಥನೆ ಮಾಡುವಾಗ ನಾನು ಮೂಲೆಯಲ್ಲಿ ಕೈಕಟ್ಟಿ ನಿಂತಿರಬೇಕಾ? ಮಧ್ಯಾಹ್ನಕ್ಕೆ ಡಬ್ಬಿ ತಗೊಂಡು ಹೋಗಬಹುದಾ? ಒಳಗಿದ್ದವರು ಯಾರಾದರೂ ಇದ್ದರೆ ಹೇಳಿ. ಶುಕ್ರವಾರದೊಳಗೆ ಉತ್ತರ ಕೊಡಬೇಕು.

ಧಾರವಾಡ_ಪೇಡೆ · ಮೇ 27

ಅಕ್ಕಾವ್ರೆ, ಸೇರಿಕೊಳ್ಳಿ. ಕಾರಣ ಆಮೇಲೆ ಹೇಳುತ್ತೇನೆ.

ನಾನು ಮಿಡ್‌ವೆಸ್ಟ್‌ನ ಒಂದು ಫೆಡರೇಶನ್‌ನಲ್ಲಿ ಒಂಬತ್ತು ವರ್ಷದಿಂದ ಡೇಟಾಬೇಸ್ ನೋಡಿಕೊಳ್ಳುತ್ತಿದ್ದೇನೆ. ಮೊದಲು ಒಂದು ಗೊಂದಲ ಬಿಡಿಸೋಣ. ಫೆಡರೇಶನ್ ಅಂದರೆ ಗುಡಿ ಅಲ್ಲ. ಪೂಜೆ, ಪ್ರಾರ್ಥನೆ ಎಲ್ಲ ಸಿನಗಾಗ್‌ನಲ್ಲಿ. ಫೆಡರೇಶನ್ ಕೆಲಸ ಊರಿನ ಯಹೂದಿ ಸಂಸ್ಥೆಗಳಿಗೆಲ್ಲ ಒಂದೇ ಕಡೆ ಹಣ ಎತ್ತಿ ಹಂಚುವುದು: ವೃದ್ಧರ ಸೇವೆ, ಶಾಲೆ, ಬೇಸಿಗೆ ಶಿಬಿರ, ಕಾಲೇಜು ಹುಡುಗರ ಕೂಟ ಹಿಲೆಲ್, ಈಜುಕೊಳ ಜಿಮ್ ಇರುವ ಜೆಸಿಸಿ, ಅಂದರೆ ಯಹೂದಿ ಸಮುದಾಯ ಕೇಂದ್ರ. 1895ರಲ್ಲಿ ಬಾಸ್ಟನ್‌ನಲ್ಲಿ ಮೊದಲನೆಯದು ಶುರುವಾಯಿತು. ಅದಕ್ಕೆ ಮುಂಚೆ ಒಬ್ಬೊಬ್ಬರೂ ಒಂದೊಂದು ರಸೀದಿ ಪುಸ್ತಕ ಹಿಡಿದು ಅದದೇ ನಾಲ್ಕು ಸಾಹುಕಾರರ ಬಾಗಿಲು ತಟ್ಟುತ್ತಿದ್ದರು. ಸಾಹುಕಾರರಿಗೂ ಸಾಕಾಗಿತ್ತು.

ನಿಮ್ಮದು ಲೆಕ್ಕದ ಕೆಲಸ ಅಂದಿರಿ, ಅದಕ್ಕೆ ನನ್ನ ಮೊದಲ ವಾರದ ಕಥೆ ಕೇಳಿ. ಹಳೆಯ ದೇಣಿಗೆ ಪಟ್ಟಿ ಸರಿ ಮಾಡಲು ಕೊಟ್ಟರು. ನೋಡುತ್ತಾ ಹೋದೆ. 18, 36, 18, 54, 180, 18, 1,800, 36. ಐವತ್ತು, ನೂರು ಇರಬೇಕಾದ ಕಡೆ ಇದೇನಿದು? ಹಳೇ ಸಾಫ್ಟ್‌ವೇರ್‌ನಿಂದ ತರುವಾಗ ಯಾವುದೋ ಕಡಿತ ಸೇರಿಕೊಂಡಿದೆ ಅಂತ ನಾನೇ ತೀರ್ಮಾನಿಸಿದೆ. ಎರಡು ದಿನ ಕೂತು ಪುರಾವೆ ಸಮೇತ ಬಾಸ್‌ಗೆ ಉದ್ದನೆಯ ಮೇಲ್ ಕಳಿಸಿದೆ. ಅವರು ಎದ್ದು ಬಂದು ನನ್ನ ನೋಟ್ ಪ್ಯಾಡ್ ಮೇಲೆ ಹೀಬ್ರೂವಿನ ಎರಡು ಅಕ್ಷರ ಬರೆದರು. ಅವರಲ್ಲಿ ಅಕ್ಷರಕ್ಕೇ ಬೆಲೆ ಇದೆ. ಹೆತ್ ಅಂದರೆ 8, ಯೋದ್ ಅಂದರೆ 10. ಎರಡೂ ಸೇರಿದರೆ "ಹಾಯ್", ಅಂದರೆ ಬದುಕಿರುವುದು. ಅದಕ್ಕೇ ದಾನ 18ರ ಲೆಕ್ಕದಲ್ಲಿ. ನಾನು ನಕ್ಕು, ನಮ್ಮಲ್ಲಿ ನೂರ ಒಂದು, ಐನೂರ ಒಂದು ಕೊಡುತ್ತೇವೆ ಅಂದೆ. "ಆ ಒಂದು ಯಾಕೆ?" ಅಂತ ಕೇಳಿದರು. ಉತ್ತರ ಗೊತ್ತಿರಲಿಲ್ಲ, ಅವ್ವಗೆ ಫೋನ್ ಮಾಡಬೇಕಾಯಿತು.

ಇನ್ನೊಂದು. ಹಿಂದಿನ ಕಾಲದಲ್ಲಿ ಇವರ ದೇಣಿಗೆ ಊಟಗಳಲ್ಲಿ ಒಬ್ಬೊಬ್ಬರ ಹೆಸರು ಕೂಗಿ, ಎದ್ದು ನಿಂತು ಎಷ್ಟು ಕೊಡುತ್ತೀರಿ ಹೇಳಿ ಅನ್ನುತ್ತಿದ್ದರಂತೆ. ನಮ್ಮ ಹಳ್ಳಿ ಮದುವೆಯಲ್ಲಿ ಮೈಕ್ ಹಿಡಿದು ಮುಯ್ಯಿ ಓದಿದ ಹಾಗೆ. ಈಗ ಅದು ಹೆಚ್ಚುಕಮ್ಮಿ ನಿಂತಿದೆ, ಆದರೆ ಗೋಡೆ ಮೇಲೆ ಹೆಸರಿನ ಫಲಕ ಇದ್ದೇ ಇದೆ. ಟ್ಯೂಬ್‌ಲೈಟ್ ಬೆಳಕೇ ಬರದ ಹಾಗೆ ದಾನಿಗಳ ಹೆಸರು ಬರೆಸುವ ನಮಗೆ ಅದೇನು ಹೊಸದಲ್ಲ.

ಸುಮ್ನೆ_ಓದ್ತೀನಿ · ಮೇ 27

ಎರಡು ಪ್ರಶ್ನೆ. ಒಂದು, ಯಹೂದಿ ಅಲ್ಲ ಅಂತ ನಾಳೆ ಕೆಲಸದಿಂದ ತೆಗೆದರೆ? ಅಮೆರಿಕದಲ್ಲಿ ಧರ್ಮ ನೋಡಿ ಹಾಗೆ ಮಾಡುವಂತಿಲ್ಲ ಅಲ್ವಾ? ಎರಡು, ನಾನ್‌ಪ್ರಾಫಿಟ್ ಅಂದಮೇಲೆ ಎಚ್1ಬಿ ಕೆಲಸದ ವೀಸಾಗೆ ಲಾಟರಿ ಇರೋದಿಲ್ಲ ಅಂತ ಕೇಳಿದ್ದೇನೆ. ಹಾಗಿದ್ದರೆ ನಾನೂ ಅರ್ಜಿ ಹಾಕುತ್ತೇನೆ!

ಕೋರ್ಟ್_ಕಟ್ಟೆ · ಮೇ 28

ಎರಡನೆಯದು ಮೊದಲು. ಇಲ್ಲ. ಎಲ್ಲ ನಾನ್‌ಪ್ರಾಫಿಟ್‌ಗೂ ಆ ವಿನಾಯಿತಿ ಇಲ್ಲ. ವಿಶ್ವವಿದ್ಯಾಲಯ, ಅದಕ್ಕೆ ಸೇರಿದ ಸಂಸ್ಥೆ, ಸಂಶೋಧನಾ ಸಂಸ್ಥೆ, ಇಂಥವಕ್ಕೆ ಮಾತ್ರ. ಊರಿನ ಜೆಸಿಸಿಗೆ ಅರ್ಜಿ ಹಾಕಿದರೂ ಲಾಟರಿ ಲಾಟರಿಯೇ.

ಮೊದಲನೆಯದಕ್ಕೆ ಸ್ವಲ್ಪ ಕಹಿ ಉತ್ತರ. ಉದ್ಯೋಗದಲ್ಲಿ ಧರ್ಮಭೇದ ಮಾಡಬಾರದು ಅನ್ನುವ 1964ರ ಕಾನೂನೇ ಧಾರ್ಮಿಕ ಸಂಸ್ಥೆಗಳಿಗೆ ಒಂದು ಕಿಂಡಿ ಬಿಟ್ಟಿದೆ. ತಮ್ಮ ಧರ್ಮದವರನ್ನೇ ಆರಿಸಿಕೊಳ್ಳಬಹುದು. ಜೆಸಿಸಿಯಂಥದ್ದು "ಧಾರ್ಮಿಕ ಸಂಸ್ಥೆ" ಹೌದಾ? ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನ ಯಹೂದಿ ಸಮುದಾಯ ಕೇಂದ್ರದ ಮೇಲೆ ಇದೇ ಪ್ರಶ್ನೆಯ ಕೇಸ್ ನಡೆಯಿತು. ಕೆಲಸ ಕಳೆದುಕೊಂಡು ಕೋರ್ಟಿಗೆ ಹೋದವರು ಕ್ರೈಸ್ತ ಮಹಿಳೆ, ಅಲ್ಲಿನ ಬುಕ್‌ಕೀಪರ್. ಹೌದು, ಲೆಕ್ಕದ ಕೆಲಸವೇ! 2007ರಲ್ಲಿ ಮೂರನೇ ಸರ್ಕ್ಯೂಟ್ ಅಪೀಲು ಕೋರ್ಟ್ ಆ ಕೇಂದ್ರ ಧಾರ್ಮಿಕ ಸಂಸ್ಥೆಯೇ, ವಿನಾಯಿತಿ ಸಿಗುತ್ತದೆ ಅಂತ ಹೇಳಿತು. ನ್ಯೂಜರ್ಸಿಯೂ ಅದೇ ಸರ್ಕ್ಯೂಟ್‌ನಲ್ಲಿ ಬರುತ್ತದೆ.

ಹೆದರಿಸಲು ಹೇಳಿದ್ದಲ್ಲ. ಇಂಥ ಸಂಸ್ಥೆಗಳಲ್ಲಿ ಬೇರೆ ಧರ್ಮದವರು ಎಷ್ಟೋ ಜನ ಇದ್ದಾರೆ, ಅವರಿಲ್ಲದೆ ಸಂಸ್ಥೆ ನಡೆಯುವುದೂ ಇಲ್ಲ. ಕಾನೂನು ಯಾರ ಕಡೆ ಅಂತ ತಿಳಿದುಕೊಂಡು ಸೇರಿ, ಅಷ್ಟೇ.

@ಜರ್ಸಿ_ಜಾಣೆ, ಸಹಿ ಹಾಕುವ ಮುಂಚೆ ಆ ಸಂಸ್ಥೆಯ ಫಾರ್ಮ್ 990 ತೆಗೆದು ಓದಿ. ತೆರಿಗೆ ಇಲಾಖೆಗೆ ಪ್ರತಿ ವರ್ಷ ಕೊಡುವ ಲೆಕ್ಕ, ಯಾರು ಬೇಕಾದರೂ ನೋಡಬಹುದು, ಪ್ರೊಪಬ್ಲಿಕಾ ಸೈಟ್‌ನಲ್ಲಿ ಉಚಿತ. ಮೂರು ವರ್ಷದ್ದು ಪಕ್ಕಪಕ್ಕ ಇಟ್ಟರೆ ದೇಣಿಗೆ ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾಗುತ್ತದೆ. ಮೇಲಿನವರ ಸಂಬಳವೂ ಅದರಲ್ಲಿದೆ. (ಸಿನಗಾಗ್‌ಗಳದ್ದು ಸಿಗುವುದಿಲ್ಲ. ಚರ್ಚಿನ ಹಾಗೆ ಅವುಗಳಿಗೆ ಈ ಫಾರ್ಮ್ ಇಲ್ಲ.)

ಕುಂದಾಪುರ_ಕಡಲು · ಮೇ 28

ಜಾಣೆಯವರೇ, ನಾನು ಮ್ಯಾಸಚೂಸೆಟ್ಸ್‌ನಲ್ಲಿ ಒಂದು ಯಹೂದಿ ಕುಟುಂಬ ಸೇವಾ ಸಂಸ್ಥೆಯಲ್ಲಿ ಸೋಶಿಯಲ್ ವರ್ಕರ್.

ಡಬ್ಬಿ ವಿಷಯ ಮೊದಲು, ಅದೇ ಮುಖ್ಯ. ಅಡುಗೆಮನೆ ಕೋಷರ್, ಅಂದರೆ ಯಹೂದಿ ಆಹಾರ ನಿಯಮದ್ದು ಆಗಿದ್ದರೆ ಹಾಲಿನದ್ದು, ಮಾಂಸದ್ದು ಬೇರೆ ಬೇರೆ. ತಟ್ಟೆ, ಚಮಚ, ಸಿಂಕ್ ಸಹ. ಮಡಿ ಮೈಲಿಗೆ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಜ್ಜಿಯ ಅಡುಗೆಮನೆಯಲ್ಲಿ ಮುಸುರೆ ಕೈಯಲ್ಲಿ ಉಪ್ಪಿನಕಾಯಿ ಭರಣಿ ಮುಟ್ಟಿದರೆ ಏನಾಗುತ್ತಿತ್ತೋ ಇಲ್ಲೂ ಅದೇ. ನೀವು ಸಸ್ಯಾಹಾರಿ ಆದರೂ ಮನೆಯ ಪಾತ್ರೆ ಕೋಷರ್ ಅಲ್ಲ. ಹಾಗಾಗಿ ಯಾವ ಮೈಕ್ರೋವೇವ್ ನಿಮ್ಮದು ಅಂತ ಮೊದಲ ದಿನವೇ ಕೇಳಿ. ಪೆಸಾಖ್ ಹಬ್ಬದ ಎಂಟು ದಿನ ಇನ್ನೂ ಬಿಗಿ. ಬ್ರೆಡ್ಡು, ಬಿಸ್ಕೆಟ್ಟು ಒಳಗೇ ಬರುವಂತಿಲ್ಲ. ಪೂರ್ವ ಯುರೋಪಿನ ಮೂಲದವರಾದರೆ ಅಕ್ಕಿ, ಬೇಳೆಯನ್ನೂ ಬಿಡುವ ರೂಢಿ ಇದೆ.

ನಾನು ಸೇರಿದ ವರ್ಷ ದೀಪಾವಳಿಗೆ ಮನೆಯಲ್ಲೇ ಮೈಸೂರ್ ಪಾಕ್ ಮಾಡಿ ದೊಡ್ಡ ಡಬ್ಬಿ ತುಂಬಿಸಿ ಇಟ್ಟಿದ್ದೆ. ಸಂಜೆ ನೋಡಿದರೆ ಮೂರೋ ನಾಲ್ಕೋ ಚೂರು ಹೋಗಿವೆ, ಉಳಿದದ್ದು ಹಾಗೇ ಇದೆ. ಪಕ್ಕದಲ್ಲಿ ಅಂಟು ಚೀಟಿ: "ತುಂಬಾ ಚೆನ್ನಾಗಿ ಕಾಣುತ್ತದೆ, ಧನ್ಯವಾದ." ತಿಂದಿದ್ದರೆ "ಚೆನ್ನಾಗಿತ್ತು" ಅಂತ ಬರೆಯುತ್ತಿದ್ದರಲ್ಲ! ಬೇಜಾರಾಗಿ ಮನೆಗೆ ತಗೊಂಡು ಹೋದೆ. ಮಾರನೇ ವರ್ಷದಿಂದ ಇಡೀ ಹಣ್ಣು. ಬಾಳೆಹಣ್ಣಿಗೆ ಯಾರ ಸರ್ಟಿಫಿಕೇಟೂ ಬೇಡ.

ಇನ್ನು ಕೆಲಸ. ನನ್ನ ಕೈಯಲ್ಲಿರುವವರಲ್ಲಿ ಹೆಚ್ಚಿನವರು ಹಿಟ್ಲರನ ಶಿಬಿರಗಳಿಂದ, ಅಡಗುತಾಣಗಳಿಂದ ಬದುಕಿ ಬಂದ ಅಜ್ಜಿ ತಾತಂದಿರು. ಮನೆಗೆ ಬಂದು ನೋಡಿಕೊಳ್ಳುವವರ ಖರ್ಚಿನಲ್ಲಿ ಒಂದು ಪಾಲು ಕ್ಲೇಮ್ಸ್ ಕಾನ್ಫರೆನ್ಸ್‌ನಿಂದ ಬರುತ್ತದೆ. ಜರ್ಮನಿಯಿಂದ ಪರಿಹಾರ ಕೇಳಲೆಂದು 1951ರಲ್ಲಿ ಶುರುವಾದ ಸಂಸ್ಥೆ ಅದು. ನಮಗೆ ಕೊಟ್ಟ ತರಬೇತಿ ಏನು ಗೊತ್ತಾ? ಸಾಲಾಗಿ ನಿಲ್ಲಿಸಬೇಡಿ. ಸ್ನಾನಕ್ಕೆ ಒತ್ತಾಯ ಮಾಡಬೇಡಿ, ಷವರ್ ಅನ್ನುವ ಮಾತೇ ಕೆಲವರಿಗೆ ಆಗುವುದಿಲ್ಲ. ಫ್ರಿಜ್‌ನಲ್ಲಿರುವ ಹಳೇ ಬ್ರೆಡ್ ಎಸೆಯಬೇಡಿ.

ಹಂಗೇರಿಯ ಅಜ್ಜಿ ಒಬ್ಬರಿದ್ದರು. ಟಿವಿ ಪಕ್ಕದ ಡ್ರಾಯರ್‌ನಲ್ಲಿ, ಕೈವಸ್ತ್ರದಲ್ಲಿ ಸುತ್ತಿ ಯಾವಾಗಲೂ ಎರಡು ಚೂರು ಬ್ರೆಡ್ ಇಟ್ಟುಕೊಂಡಿರುತ್ತಿದ್ದರು. ವಾರಕ್ಕೊಮ್ಮೆ ಅವರೇ ಬದಲಿಸುತ್ತಿದ್ದರು. ನಾನು ನೋಡಿಯೂ ನೋಡದ ಹಾಗೆ ಇರುತ್ತಿದ್ದೆ. ಒಂದು ದಿನ ನನ್ನ ಊರು ಯಾವುದು, ಅಲ್ಲಿ ಸಮುದ್ರ ಇದೆಯಾ ಅಂತ ಕೇಳಿದರು. ಇದೆ ಅಂದೆ. "ಹಾಗಾದರೆ ಅಲ್ಲಿಂದ ಯಾಕೆ ಬಂದೆ?" ಅಂದರು. ಇವತ್ತಿಗೂ ಉತ್ತರ ಹೊಳೆದಿಲ್ಲ.

ಒಂದು ಎಚ್ಚರಿಕೆ. ಸರ್ಕಾರದ ಗ್ರಾಂಟ್ ಎಷ್ಟು ಪಾಲು ಅಂತ ಕೇಳಿ. ನಮ್ಮಲ್ಲಿ ನಿರಾಶ್ರಿತರಿಗೆ ನೆಲೆ ಕಟ್ಟಿಕೊಡುವ ತಂಡ ಇತ್ತು, ಹಯಾಸ್ ಜೊತೆ ಕೆಲಸ. ರಷ್ಯಾದಿಂದ ಓಡಿ ಬಂದ ಯಹೂದಿಗಳಿಗಾಗಿ 1880ರ ದಶಕದಲ್ಲಿ ಹುಟ್ಟಿದ ಹಯಾಸ್, ಈಚೆಗೆ ಅಫ್ಘನ್ನರು, ಸಿರಿಯನ್ನರು, ಉಕ್ರೇನಿಯನ್ನರು ಎಲ್ಲರಿಗೂ ಕೆಲಸ ಮಾಡುತ್ತದೆ. ಈ ವರ್ಷ ಜನವರಿ 20ರ ಆದೇಶದಿಂದ ನಿರಾಶ್ರಿತರ ಕಾರ್ಯಕ್ರಮವೇ ನಿಂತುಹೋಯಿತು. ಮಾರ್ಚ್ ಹೊತ್ತಿಗೆ ಆ ಸಾಲಿನ ಕುರ್ಚಿಗಳೆಲ್ಲ ಖಾಲಿ. ದೇಣಿಗೆಯಿಂದ ನಡೆಯುವ ವಿಭಾಗಕ್ಕೆ ಏನೂ ಆಗಲಿಲ್ಲ.

ಮಾಟುಂಗಾ_ಮಾವ · ಮೇ 28

ಎಲ್ಲರೂ ಅಮೆರಿಕದ್ದೇ ಹೇಳುತ್ತಿದ್ದೀರಿ. ಮುಂಬೈಯ ಮಾತು ಸ್ವಲ್ಪ ಕೇಳಿ. ನಾನು ರಿಟೈರ್ ಆದ ಮೇಲೆ ಮೂರು ವರ್ಷ ಇಲ್ಲಿ ಒಂದು ಯಹೂದಿ ಸಂಸ್ಥೆಯ ಲೆಕ್ಕ ಬರೆದೆ, ಅರೆಕಾಲಿಕ. ಇಲ್ಲಿನ ಯಹೂದಿಗಳಲ್ಲಿ ಹೆಚ್ಚಿನವರು ಬೆನೆ ಇಸ್ರೇಲ್ ಪಂಗಡದವರು. ಮನೆಮಾತು ಮರಾಠಿ. ಕೊಂಕಣ ಕರಾವಳಿಯ ಹಳ್ಳಿ ಹೆಸರಿಗೆ "ಕರ್" ಸೇರಿಸಿದರೆ ಅವರ ಅಡ್ಡಹೆಸರು. ಹಿಂದೆ ಎಣ್ಣೆ ಗಾಣ ನಡೆಸುತ್ತಿದ್ದರು, ಶನಿವಾರ ಯಹೂದಿಗಳ ವಿಶ್ರಾಂತಿ ದಿನವಾದ್ದರಿಂದ ಗಾಣ ತಿರುಗಿಸುತ್ತಿರಲಿಲ್ಲ. ಅದಕ್ಕೇ ಊರವರು "ಶನಿವಾರ ತೇಲಿ" ಅಂತ ಕರೆದರು.

ಮೊದಲ ತಿಂಗಳು ಒಬ್ಬರ ಮನೆಯಲ್ಲಿ ಮಲೀದಾ ಅಂತ ಊಟಕ್ಕೆ ಕರೆದರು. ಹೋಗಿ ನೋಡಿದರೆ ದೊಡ್ಡ ತಟ್ಟೆಯಲ್ಲಿ ಅವಲಕ್ಕಿ, ಕಾಯಿತುರಿ, ಬೆಲ್ಲ, ಮೇಲೆ ಹಣ್ಣು. ಪ್ರವಾದಿ ಎಲಿಯಾಹುವಿನ ಹೆಸರಲ್ಲಿ ಹರಕೆ. ನಮ್ಮ ಮನೆಯ ಸಿಹಿ ಅವಲಕ್ಕಿಯೇ ಅಲ್ವೇನ್ರಿ! ಎರಡು ಸಲ ಹಾಕಿಸಿಕೊಂಡೆ.

ಲೆಕ್ಕದ ತಲೆನೋವು ಮಾತ್ರ ಬೇರೆ. ಹೆಚ್ಚಿನ ದುಡ್ಡು ಹೊರದೇಶದಿಂದ. 2020ರಲ್ಲಿ ವಿದೇಶಿ ದೇಣಿಗೆ ಕಾನೂನು ತಿದ್ದಿದ ಮೇಲೆ ಆ ದುಡ್ಡು ಮೊದಲು ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಶಾಖೆಗೇ ಬರಬೇಕು. ಆಡಳಿತ ಖರ್ಚಿನ ಮಿತಿ ಶೇಕಡಾ 50ರಿಂದ 20ಕ್ಕೆ ಇಳಿಯಿತು. ನನ್ನ ಸಂಬಳವೂ ಆ ಇಪ್ಪತ್ತರೊಳಗೇ. ಸಮುದಾಯವೂ ಸಣ್ಣದಾಗುತ್ತಿದೆ. ಯುವಕರು ಇಸ್ರೇಲ್‌ಗೆ ಹೋಗಿದ್ದಾರೆ, ಉಳಿದವರಲ್ಲಿ ವಯಸ್ಸಾದವರು ಜಾಸ್ತಿ. ಔಷಧಿ ಬಿಲ್ಲು, ತಿಂಗಳ ರೇಷನ್ನು, ಇದೇ ನಾನು ಬರೆದ ಲೆಕ್ಕ.

ಗಾರ್ಡ್ ವಿಷಯ. 2008ರ ನವೆಂಬರ್‌ನಲ್ಲಿ ಉಗ್ರರು ನುಗ್ಗಿದಾಗ ಯಹೂದಿ ಕೇಂದ್ರವಾದ ನರಿಮನ್ ಹೌಸ್‌ನಲ್ಲಿ ಏನಾಯಿತು ಅಂತ ನಾವು ಈ ಊರಲ್ಲಿ ಕೂತು ನೋಡಿದ್ದೇವೆ. ನಿಮ್ಮ ಅತ್ತೆಯವರದ್ದು ಸುಮ್ಮನೆ ಭಯ ಅಲ್ಲ, ತಂಗಿ.

ಮಲ್ನಾಡ್_ಮಳೆ · ಮೇ 29

ನಾನು ಬೇರೆ ಮಾತಾಡುತ್ತೇನೆ. ನಾಲ್ಕು ವರ್ಷ ದೇಣಿಗೆ ವಿಭಾಗದಲ್ಲಿದ್ದು ಬಿಟ್ಟವಳು ನಾನು. ಯಾವ ಊರು, ಯಾವ ಸಂಸ್ಥೆ ಬೇಡ.

ಅಲ್ಲಿ ಎಲ್ಲರೂ "ನಾವೆಲ್ಲ ಒಂದೇ ಮನೆಯವರು" ಅನ್ನುತ್ತಾರೆ. ನಿಜ, ನನಗೆ ಹುಷಾರಿಲ್ಲದಾಗ ವಾರಪೂರ್ತಿ ಮನೆಗೆ ಸೂಪ್ ಕಳಿಸಿದ್ದಾರೆ. ಆದರೆ ಮನೆಯವರು ಅಂದಮೇಲೆ ಓವರ್‌ಟೈಮ್ ಕೇಳುವುದು ಹೇಗೆ? ಸಂಜೆ ಏಳಕ್ಕೆ ಕಮಿಟಿ ಮೀಟಿಂಗು, ಭಾನುವಾರ ಬೆಳಿಗ್ಗೆಯಿಂದ ಫೋನ್ ಮಾಡಿ ದೇಣಿಗೆ ಕೇಳುವ "ಸೂಪರ್ ಸಂಡೆ". ಇಬ್ಬರು ಯಹೂದಿಗಳಿದ್ದರೆ ಮೂರು ಅಭಿಪ್ರಾಯ ಅಂತ ಅವರೇ ನಗುತ್ತಾರೆ. ಕಮಿಟಿಯಲ್ಲಿ ಹದಿನೈದು ಜನ, ಲೆಕ್ಕ ಹಾಕಿಕೊಳ್ಳಿ. ಮತ್ತೆ ಒಂದು ಮೆಟ್ಟಿಲಿನ ಮೇಲೆ ನನಗೆ ದಾರಿ ಇರಲಿಲ್ಲ. ದೊಡ್ಡ ದಾನಿಗಳ ಮುಂದೆ ಕೂತು ಕೇಳುವವರು ಅವರ ಬದುಕಿನ ಒಳಗಿನವರೇ ಆಗಿರಬೇಕು ಅಂದರು. ಬಾಯಿಬಿಟ್ಟು ಹೇಳಿದ್ದಕ್ಕೆ ಅವರಿಗೆ ಥ್ಯಾಂಕ್ಸ್. ಬೇರೆ ಕಡೆ ಹೇಳದೇ ಮಾಡುತ್ತಾರೆ.

ನನ್ನಿಂದಾದ ಒಂದು ಎಡವಟ್ಟು ಕೇಳಿ, ಲೆಕ್ಕದವರಿಗೆ ಬೇಕಾಗುತ್ತದೆ. ಯಾರಾದರೂ ತೀರಿಹೋದರೆ ಇವರು ಹೂವು ಕಳಿಸುವುದಿಲ್ಲ. ಅವರ ನೆನಪಿಗೆ 18 ಡಾಲರ್ ಕೊಡುತ್ತಾರೆ, ನಾವು ಮನೆಯವರಿಗೆ ಕಾರ್ಡ್ ಕಳಿಸಬೇಕು. ಮಗು ಹುಟ್ಟಿದರೆ, ಮದುವೆಯಾದರೆ ಅವರ ಗೌರವಕ್ಕೆ 18, ಅದಕ್ಕೆ ಬೇರೆ ಕಾರ್ಡ್. ಸಾಫ್ಟ್‌ವೇರ್‌ನಲ್ಲಿ ಎರಡೂ ಒಂದೇ ಪಟ್ಟಿಯಲ್ಲಿ, ಒಂದರ ಕೆಳಗೆ ಇನ್ನೊಂದು. ಒಂದು ಗುರುವಾರ ಸಂಜೆ ಕೈ ಜಾರಿತು. ಏಳು ದಿನದ ಸೂತಕಕ್ಕೆ ಕೂತ ಮನೆಗೆ ಚಿನ್ನದ ಅಕ್ಷರದ "ಮಾಝಲ್ ತೋವ್", ಅಂದರೆ ಅಭಿನಂದನೆಯ ಕಾರ್ಡ್ ಹೋಯಿತು. ಮಗ ಫೋನ್ ಮಾಡಿದಾಗ ನನಗೆ ಬೆನ್ನೆಲ್ಲ ಬೆವರು. ಆತ ಕೂಗಲಿಲ್ಲ. "ಅಮ್ಮ ನೋಡುವ ಮುಂಚೆ ನನ್ನ ಕೈಗೆ ಸಿಕ್ಕಿತು" ಅಂದರು, ಅಷ್ಟೇ. ಅವತ್ತೇ ಎರಡು ಟ್ರೇ ತಂದಿಟ್ಟೆ, ಬಿಳಿ ಒಂದು, ನೀಲಿ ಒಂದು. ಈಗಲೂ ಅಲ್ಲೇ ಇವೆಯಂತೆ.

ಇನ್ನು ಯಾರೂ ಎತ್ತದ ಮಾತು. 2023ರ ಅಕ್ಟೋಬರ್ 7ರಂದು ಹಮಾಸ್ ಇಸ್ರೇಲ್ ಮೇಲೆ ದಾಳಿ ಮಾಡಿದ ನಂತರ ಆ ಆಫೀಸಿನ ಗಾಳಿಯೇ ಬೇರೆಯಾಯಿತು. ಮೊದಲ ವಾರ ಎಲ್ಲರೂ ಫೋನ್ ಹಿಡಿದು ನೆಂಟರಿಷ್ಟರ ಸುದ್ದಿ ಕೇಳುತ್ತಿದ್ದರು. ಆಮೇಲೆ ಗಾಜಾದ ಚಿತ್ರಗಳು ಬರತೊಡಗಿದವು. ನನ್ನ ಪಕ್ಕದ ಹುಡುಗಿ, ಅವಳೂ ಯಹೂದಿಯೇ, ಯುದ್ಧದ ವಿರುದ್ಧ ಒಂದು ಪತ್ರಕ್ಕೆ ಸಹಿ ಹಾಕಿದಳು. ತಿಂಗಳೊಳಗೆ ಅವಳು ಅಲ್ಲಿರಲಿಲ್ಲ. ನನಗೂ ಅಲ್ಲಿ ನಿಲ್ಲಲು ಮನಸ್ಸಾಗಲಿಲ್ಲ. ಜಾಣೆಯವರೇ, ನಿಮ್ಮ ಅಭಿಪ್ರಾಯ ಏನೇ ಇರಲಿ. ಅದನ್ನು ಬಾಯಲ್ಲಿಟ್ಟುಕೊಂಡು ಎಂಟು ಗಂಟೆ ಕೂರಬಲ್ಲಿರಾ ಅಂತ ಮೊದಲು ಯೋಚಿಸಿ.

ಸುಮ್ನೆ_ಓದ್ತೀನಿ · ಮೇ 29

ಅಂಥ ಕಡೆ ದುಡ್ಡಿಗಾಗಿ ಕೆಲಸ ಮಾಡುವುದೇ ತಪ್ಪು ಅನ್ನಿಸುತ್ತೆ ನನಗೆ.

ಧಾರವಾಡ_ಪೇಡೆ · ಮೇ 29

ಯಾಕೆ ತಪ್ಪು? ನಮ್ಮ ಬಜೆಟ್‌ನಲ್ಲಿ ಒಂದು ಪಾಲು ಇಸ್ರೇಲ್‌ಗೆ ಹೋಗುತ್ತದೆ, ಮುಚ್ಚಿಡುವುದಿಲ್ಲ. ದೊಡ್ಡ ಪಾಲು ಇದೇ ಊರಿನ ಮುದುಕರಿಗೆ, ಅಂಗವಿಕಲ ಮಕ್ಕಳಿಗೆ. ಅಕ್ಟೋಬರ್ 7ರಂದು ಮಗನನ್ನು ಕಳೆದುಕೊಂಡ ಮನೆಯೂ ಇಲ್ಲಿದೆ. ಅವರ ಎದುರು ಕೂತು ನೀವು ಈ ಮಾತು ಹೇಳುತ್ತೀರಾ?

ಸುಮ್ನೆ_ಓದ್ತೀನಿ · ಮೇ 29

ಗಾಜಾದಲ್ಲಿ ಮಕ್ಕಳನ್ನು ಕಳೆದುಕೊಂಡವರ ಎದುರು ನೀವು ಕೂರುತ್ತೀರಾ?

ಕಟ್ಟೆ_ನಿರ್ವಾಹಕ · ಮೇ 29

ಇಬ್ಬರಿಗೂ: ಈ ಮಾತಿಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಒಬ್ಬರು ಕೆಲಸದ ಪ್ರಶ್ನೆ ಕೇಳಿದ್ದಾರೆ, ನಾಳೆ ಅವರ ಗಡುವು.

ಕುಂದಾಪುರ_ಕಡಲು · ಮೇ 29

ಮಳೆಯವರು ಹೇಳಿದ್ದು ಸರಿ, ಆದರೆ ಸಂಸ್ಥೆಯಿಂದ ಸಂಸ್ಥೆಗೆ ವ್ಯತ್ಯಾಸ ಇದೆ. ನನ್ನ ಕೆಲಸದಲ್ಲಿ ಇಸ್ರೇಲ್ ಮಾತು ಬರುವುದೇ ಅಪರೂಪ. ಫೆಡರೇಶನ್‌ನಲ್ಲಿ ಬಾರದೇ ಇರುವುದಿಲ್ಲ. ನೇರವಾಗಿ ಕೇಳಿ: "ನನ್ನ ಸ್ವಂತ ಖಾತೆಯಲ್ಲಿ ನಾನು ಬರೆಯುವುದಕ್ಕೆ ನಿಯಮ ಇದೆಯಾ?" ಇದ್ದರೆ ಬರಹದಲ್ಲಿ ಕೊಡಿ ಅನ್ನಿ.

ಭಯದ ಬಗ್ಗೆ. 2018ರಲ್ಲಿ ಪಿಟ್ಸ್‌ಬರ್ಗ್ ಸಿನಗಾಗ್‌ನಲ್ಲಿ 11 ಜನ ಸತ್ತರು. ಅದಕ್ಕೂ ಮುಂಚೆ, 2014ರಲ್ಲಿ, ಕ್ಯಾನ್ಸಸ್‌ನ ಓವರ್‌ಲ್ಯಾಂಡ್ ಪಾರ್ಕ್‌ನಲ್ಲಿ ಜೆಸಿಸಿ ಮತ್ತು ವೃದ್ಧಾಶ್ರಮದ ಮುಂದೆ ಮೂವರನ್ನು ಕೊಂದರು. ಮೂವರೂ ಯಹೂದಿಗಳಲ್ಲ. ಪಕ್ಕದ ಊರು ಒಲೇತಾದಲ್ಲಿ 2017ರಲ್ಲಿ ನಮ್ಮ ತೆಲುಗು ಹುಡುಗನನ್ನು ಬಾರಿನಲ್ಲಿ ಗುಂಡಿಟ್ಟು ಕೊಂದರಲ್ಲ, ಅಲ್ಲಿ ಗಾರ್ಡ್ ಇರಲಿಲ್ಲ, ಅದು ಯಾವ ಯಹೂದಿ ಸಂಸ್ಥೆಯೂ ಅಲ್ಲ. ಅತ್ತೆಯವರಿಗೆ ಇದನ್ನು ಹೇಳಬೇಡಿ, ಇನ್ನೂ ಹೆದರುತ್ತಾರೆ. ನೀವು ತಿಳಿದಿರಿ.

ಧಾರವಾಡ_ಪೇಡೆ · ಮೇ 29

ಕೋಪದಲ್ಲಿ ಮುಖ್ಯವಾದದ್ದೇ ಮರೆತೆ. ರಜೆ!

ಅವರ ಪಂಚಾಂಗವೂ ನಮ್ಮ ಹಾಗೇ ಚಂದ್ರನ ಲೆಕ್ಕ, ಅಧಿಕ ಮಾಸ ಸಮೇತ. 19 ವರ್ಷಕ್ಕೆ ಏಳು ಸಲ. ಹಾಗಾಗಿ ಹಬ್ಬಗಳು ಅಕ್ಕಪಕ್ಕ ಬರುತ್ತವೆ. ಪೂರಿಮ್ ಹುಣ್ಣಿಮೆಗೆ, ಈ ಮಾರ್ಚ್‌ನಲ್ಲಿ ಹೋಳಿಯ ಜೊತೆಗೇ ಬಂತು. ಅವರ ಹೊಸವರ್ಷ ಅಮಾವಾಸ್ಯೆ ಕಳೆದು, ಅಂದರೆ ನವರಾತ್ರಿ ಶುರುವಾಗುವ ಹೊತ್ತಿಗೆ. ಹತ್ತನೇ ದಿನ ಉಪವಾಸದ ಯೋಮ್ ಕಿಪ್ಪುರ್. ಕಳೆದ ವರ್ಷ ಅದೂ ವಿಜಯದಶಮಿಯೂ ಅಕ್ಟೋಬರ್ 12. ಈ ವರ್ಷ ಎರಡೂ ಅಕ್ಟೋಬರ್ 2. ಆಫೀಸಿಗೆ ಬೀಗ, ನಿಮಗೆ ಬಿಟ್ಟಿ ಹಬ್ಬದ ರಜೆ. ಮುಂದಿನ ವರ್ಷ ನಮಗೆ ಅಧಿಕ ಜ್ಯೇಷ್ಠ, ಆಗ ಒಂದು ತಿಂಗಳು ಆಚೀಚೆ ಆಗುತ್ತದೆ. ಯುಗಾದಿಗೆ ಮಾತ್ರ ನಿಮ್ಮ ಸ್ವಂತ ರಜೆ ಖರ್ಚು ಮಾಡಬೇಕು.

ಶನಿವಾರದ ವಿಶ್ರಾಂತಿ ಹಿಂದಿನ ಸಂಜೆಯಿಂದಲೇ ಶುರು, ಹಾಗಾಗಿ ಶುಕ್ರವಾರ ಬೇಗ ಮುಚ್ಚುತ್ತಾರೆ. ಸೂರ್ಯ ಮುಳುಗುವ 18 ನಿಮಿಷ ಮುಂಚೆ ದೀಪ ಹಚ್ಚಬೇಕು. ಇಲ್ಲೂ 18 ನೋಡಿ! ಡಿಸೆಂಬರ್‌ನಲ್ಲಿ ನಿಮ್ಮ ಕಡೆ ಅದು ನಾಲ್ಕೂಕಾಲರ ಆಸುಪಾಸು. ಎರಡು ಗಂಟೆಗೆಲ್ಲ ಜಾಗ ಖಾಲಿ. ಆಮೇಲೆ ಕಳಿಸಿದ ಮೇಲ್‌ಗೆ ಶನಿವಾರ ರಾತ್ರಿಯವರೆಗೆ ಉತ್ತರ ಕಾಯಬೇಡಿ.

ಜರ್ಸಿ_ಜಾಣೆ · ಮೇ 30

ಎಲ್ಲರಿಗೂ ದೊಡ್ಡ ನಮಸ್ಕಾರ. ರಾತ್ರಿ ಕೂತು 990 ಓದಿದೆ. ದೇಣಿಗೆ ಏರಿದೆ, ಸರ್ಕಾರದ ದುಡ್ಡು ಅಷ್ಟಿಲ್ಲ. ಸ್ವಂತ ಖಾತೆಯ ಬಗ್ಗೆ ಕೇಳಿದೆ. ಸಂಸ್ಥೆಯ ಹೆಸರು ತರಬೇಡಿ, ಉಳಿದದ್ದು ನಿಮ್ಮಿಷ್ಟ ಅಂತ ಬರಹದಲ್ಲೇ ಕಳಿಸಿದರು. ಮಳೆಯವರ ಮಾತು ತಲೆಯಲ್ಲಿ ಕೊರೆಯುತ್ತಲೇ ಇದೆ. ಆದರೂ ಒಪ್ಪಿಕೊಂಡೆ. ಅವರ ಹಣಕಾಸು ವರ್ಷ ಶುರುವಾಗುವ ಜುಲೈ 1ರಿಂದ ಕೆಲಸ.

ಕೋರ್ಟ್_ಕಟ್ಟೆ · ಮೇ 31

ಶುಭವಾಗಲಿ. ಕಂಪನಿಯಿಂದ ಬರುವವರು ಎಡವುವ ಜಾಗ ಒಂದಿದೆ. ಇಲ್ಲಿ ಬ್ಯಾಂಕಿನಲ್ಲಿರುವ ದುಡ್ಡೆಲ್ಲ ಖರ್ಚಿಗೆ ಸಿಗುವ ದುಡ್ಡಲ್ಲ. ಯಾವುದೋ ತಾತ ಉಯಿಲಿನಲ್ಲಿ ಶಿಬಿರಕ್ಕೆ ಹೋಗುವ ಮಕ್ಕಳ ಫೀಸಿಗೆ ಮಾತ್ರ ಅಂತ ಬರೆದಿಟ್ಟಿದ್ದರೆ ಛಾವಣಿ ಸೋರಿದರೂ ಅದನ್ನು ಮುಟ್ಟುವ ಹಾಗಿಲ್ಲ. ಮತ್ತೆ, ಕೊಡುತ್ತೇನೆ ಅಂತ ಷರತ್ತಿಲ್ಲದೆ ಮಾತು ಕೊಟ್ಟ ದಿನವೇ ಅದು ಆದಾಯ, ಚೆಕ್ ಬಂದ ದಿನವಲ್ಲ.

ಬಸವನಗುಡಿ_ಬೆಂಚು · ಜೂನ್ 2

ಸ್ವಲ್ಪ ಅಡ್ಡಮಾತು. ಇದನ್ನೆಲ್ಲ ಓದಿ ನಮ್ಮ ಕನ್ನಡ ಕೂಟ ನೆನಪಾಯಿತು. ಸಂಬಳದವರು ಒಬ್ಬರೂ ಇಲ್ಲ. ಯುಗಾದಿ, ರಾಜ್ಯೋತ್ಸವ, ಹೋಳಿಗೆ ಊಟ, ಮುಂದಿನ ವರ್ಷ ಹೊಸ ಕಮಿಟಿ, ಹಳೇ ಕಮಿಟಿ ಮುನಿಸು. ವಯಸ್ಸಾದ ಅಪ್ಪ ಅಮ್ಮಂದಿರು ಇಲ್ಲೇ ಉಳಿಯುವ ಕಾಲ ಬಂದಿದೆ. ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಕನ್ನಡದಲ್ಲಿ ಮಾತಾಡಿಸಲು ಒಬ್ಬರನ್ನಾದರೂ ಸಂಬಳ ಕೊಟ್ಟು ಇಡಬಾರದಾ?

ಧಾರವಾಡ_ಪೇಡೆ · ಜೂನ್ 2

ಇವರಲ್ಲಿ ಒಂದು ಹಳೇ ಜೋಕಿದೆ. ನಿರ್ಜನ ದ್ವೀಪದಲ್ಲಿ ಸಿಕ್ಕಿಬಿದ್ದ ಯಹೂದಿ ಒಬ್ಬನೇ ಎರಡು ಸಿನಗಾಗ್ ಕಟ್ಟಿದನಂತೆ. ಎರಡು ಯಾಕೆ ಅಂದರೆ "ಅದಿದೆಯಲ್ಲ, ಅದರೊಳಗೆ ನಾನು ಕಾಲೂ ಇಡೋದಿಲ್ಲ" ಅಂದನಂತೆ. ನಮ್ಮ ಊರಿನ ಎರಡು ಕೂಟದವರಿಗೆ ಈ ಜೋಕ್ ಹೇಳಿದೆ. ಇಬ್ಬರೂ ನಕ್ಕರು, ಇನ್ನೊಬ್ಬರ ಬಗ್ಗೆ ಹೇಳಿದ್ದು ಅಂದುಕೊಂಡು.

ಜರ್ಸಿ_ಜಾಣೆ · ಅಕ್ಟೋಬರ್ 5

ಮೂರು ತಿಂಗಳಾಯಿತು, ಹೇಗಿದೆ ಅಂತ ಹೇಳೋಣ ಅಂತ ಬಂದೆ.

ಕೆಲಸ ಹಿಡಿಸಿದೆ. ಪ್ರಾರ್ಥನೆಗೆ ಯಾರೂ ಕರೆದಿಲ್ಲ. ಮೀಟಿಂಗ್ ಶುರುವಿನಲ್ಲಿ ಯಾರಾದರೊಬ್ಬರು ಎರಡು ನಿಮಿಷ ಧರ್ಮಗ್ರಂಥದ ಮಾತು ಹೇಳುತ್ತಾರೆ, ಅಷ್ಟೇ. ಶನಿವಾರ ಬರಬೇಕಾದ ಬಿಲ್ ರಿಮೈಂಡರ್ ಮೇಲ್‌ಗಳನ್ನು ಭಾನುವಾರಕ್ಕೆ ತಳ್ಳುವುದು ಕಲಿತೆ. ಎರಡು ಟ್ರೇ ನಾನೂ ತಂದಿಟ್ಟಿದ್ದೇನೆ.

ಮೊನ್ನೆ ಗುರುವಾರ, 2ನೇ ತಾರೀಕು, ಪೇಡೆಯವರು ಹೇಳಿದ ಹಾಗೆ ವಿಜಯದಶಮಿಗೆ ರಜೆ. ಬೆಳಿಗ್ಗೆ ಎದ್ದು ಫೋನ್ ತೆರೆದರೆ ಮ್ಯಾಂಚೆಸ್ಟರ್‌ನ ಸಿನಗಾಗ್ ಮೇಲೆ ದಾಳಿಯ ಸುದ್ದಿ, ಯೋಮ್ ಕಿಪ್ಪುರ್ ದಿನವೇ. ಅತ್ತೆ ಊರಿಂದ ತಂದ ಒಣ ಬನ್ನಿ ಎಲೆ ದೇವರ ಮುಂದೆ ಇಡುತ್ತಿದ್ದರು. ಸುದ್ದಿ ನೋಡಿ ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ನನ್ನ ಜೊತೆ ಕೆಲಸ ಮಾಡುವವರು ಒಬ್ಬರು ಉಪವಾಸದ ದಿನ ಫೋನ್ ಮುಟ್ಟುವುದಿಲ್ಲ. ಅವರಿಗೆ ಏನು ಬರೆಯಲಿ ಅಂತ ನಾಲ್ಕು ಸಲ ಬರೆದು ಅಳಿಸಿದೆ. ಕತ್ತಲಾದ ಮೇಲೆ "ನಾಳೆ ಬರುತ್ತೀರಾ?" ಅಂತಷ್ಟೇ ಕಳಿಸಿದೆ. "ಬರುತ್ತೇನೆ" ಅಂತ ಬಂತು.

ಶುಕ್ರವಾರ ಬಾಗಿಲಲ್ಲಿ ಇಬ್ಬರು ಗಾರ್ಡ್. ಒಳಗೆ ಯಾರೂ ಜಾಸ್ತಿ ಮಾತಾಡಲಿಲ್ಲ. ಹಿಂದಿನ ರಾತ್ರಿಯ ಆನ್‌ಲೈನ್ ದೇಣಿಗೆ ಪಟ್ಟಿ ತೆಗೆದೆ. 18, 18, 36, 18, 180, 18, 18, 18. ಪುಟ ಮುಗಿಯುತ್ತಲೇ ಇರಲಿಲ್ಲ. ಅಷ್ಟನ್ನೂ ತಾಳೆ ಹಾಕಿ ಮುಗಿಸುವಷ್ಟರಲ್ಲಿ ಎರಡು ಗಂಟೆ, ಎಲ್ಲರೂ ಕೋಟು ಹಾಕಿಕೊಳ್ಳುತ್ತಿದ್ದರು.

ಕುಂದಾಪುರ_ಕಡಲು · ಅಕ್ಟೋಬರ್ 5

ಓದಿದೆ. ಅತ್ತೆಯವರು ಆಮೇಲಾದರೂ ಏನಾದರೂ ಅಂದರಾ? ಮತ್ತೆ, ಮೈಕ್ರೋವೇವ್ ಕೇಳಿದಿರಾ ಇಲ್ಲವಾ?

ಜರ್ಸಿ_ಜಾಣೆ · ಅಕ್ಟೋಬರ್ 5

ಶುಕ್ರವಾರ ಬೆಳಿಗ್ಗೆ ನನ್ನ ಡಬ್ಬಿ ಅವರೇ ಕಟ್ಟಿಟ್ಟಿದ್ದರು. ಮಾತಿಲ್ಲ, ಕತೆಯಿಲ್ಲ.

ಮೈಕ್ರೋವೇವ್ ಮೊದಲ ದಿನವೇ ಕೇಳಿದೆ. ಮೂರಿವೆ. ಒಂದರ ಮೇಲೆ ಡೇರಿ, ಒಂದರ ಮೇಲೆ ಮೀಟ್. ಮೂರನೆಯದರ ಮೇಲೆ ಯಾರೋ ನೀಲಿ ಮಾರ್ಕರ್‌ನಲ್ಲಿ "ಉಳಿದ ನಾವೆಲ್ಲ" ಅಂತ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ನನ್ನ ಹುಳಿಯನ್ನ ಅದರಲ್ಲೇ ಬಿಸಿಯಾಗುತ್ತದೆ. ಹನ್ನೆರಡೂವರೆಗೆ ಹೋದರೆ ಕ್ಯೂ ಇರುತ್ತೆ.